ಎಡಗಡೆಯ ಹತ್ತು ಗರಿ

ಗೋಡೆಯ ಮೇಲೆ ಮತ್ತೆ ಅದೇ ಬೂದಿ ಕೋಳಿ, ಕತ್ತು ಒಂದು ಪಕ್ಕಕ್ಕೆ ಹೊರಳಿಸಿ ಆಚೆ ಮನೆಯ ಟೊಮೇಟೊ ಸಸಿಗಳನ್ನು ನೋಡುತ್ತಿದೆ, ಕೊಳ್ಳುವ ಮನಸ್ಸಿಲ್ಲದವಳು ಅಂಗಡಿಯಲ್ಲಿ ಬಟ್ಟೆ ಬಿಡಿಸಿ ಬಿಡಿಸಿ ನೋಡುವ ಹಾಗೆ, ಈಗ ಹಾರುತ್ತದೆ, ಈಗ — ಹಾರಿತು, ಆಚೆ ಕಡೆ ಕಂಪೌಂಡರನ ಚಪ್ಪಲಿ ಸದ್ದು, ಹುಶ್ ಹುಶ್, ಏನಮ್ಮಾ ಇದು, ಬೆಳಿಗ್ಗೆಯಿಂದ ನಾಲ್ಕನೇ ಸಲ, ನಾನು ಸಸಿ ನೆಟ್ಟಿದ್ದು ನಿಮ್ಮ ಕೋಳಿಗೆ ತಿಂಡಿ ಕೊಡೋಕಾ, ಬಂದೆ ಬಂದೆ ಎನ್ನುತ್ತೇನೆ ನಾನು, ಕೂತ ಕಡೆಯಿಂದ ಏಳದೆಯೇ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಅಳೆದು ಕೊಟ್ಟವನು ಈಗ ದೂರನ್ನೂ ಅಳೆದೇ ಕೊಡುತ್ತಾನೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಊಟಕ್ಕೆ ಮುಂಚೆ ಒಂದು, ಅವನ ತಪ್ಪೂ ಅಲ್ಲ ಪಾಪ, ಹೆಂಡತಿ ಹೋದ ಮೇಲೆ ಆ ಹದಿನಾರು ಸಸಿ ಬಿಟ್ಟರೆ ಮಾತಾಡಿಸುವುದಕ್ಕೆ ಅವನಿಗೆ ಇನ್ನೇನಿದೆ, ನನ್ನ ಕೋಳಿಗಳಿಲ್ಲದಿದ್ದರೆ ಬೈಯುವುದಕ್ಕಾದರೂ ಯಾರಿದ್ದಾರೆ. ಕಡ್ಡಿ ಆಗಲೇ ಗೋಡೆ ಹತ್ತಿಯಾಯಿತು, ತಮ್ಮನ ಮಗಳು, ಹೆಸರು ಬೇರೆ ಇದೆ, ಹುಟ್ಟಿದಾಗ ಕಡ್ಡಿಯ ಹಾಗಿದ್ದಾಳೆ ಅಂತ ನಾನು ಕರೆದದ್ದೇ ಉಳಿಯಿತು, ಇಪ್ಪತ್ತೊಂದು ವರ್ಷವಾದರೂ ಗೋಡೆಗೆ ಬಾಗಿಲಿದೆ ಅನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲ, ಹಾರಿ ಆಚೆ ಇಳಿದಳು, ತಾತಾ, ಬೈಬೇಡಿ, ಮುರಿದಿರೋ ಸಸಿಗೆ ನಾನು ಕೋಲು ಕಟ್ಟಿಕೊಡ್ತೀನಿ, ಆ ಕೋಲು ನಿನ್ನ ಅತ್ತೆ ಕೈಗೆ ಕೊಡು, ಕೋಳಿ ಕಾಯಲಿ ಅನ್ನುತ್ತಾನೆ ಅವನು, ಅವಳ ನಗು, ಬೂದಿಯ ಕೂಗಾಟ, ಗೋಡೆಯ ಮೇಲೆ ಮೊದಲು ಕೋಳಿ ಬಂತು, ಆಮೇಲೆ ಎರಡು ಕೈ, ಆಮೇಲೆ ಕೆದರಿದ ತಲೆ. ಹಿಡ್ಕೋ ಅತ್ತೆ, ನಿನ್ನ ಕಳ್ಳಿ. ಅವಳನ್ನ ಕೊನೆಗಿಡು, ಮೊದಲು ಉಳಿದ ಆರು ಮುಗಿಸೋಣ ಅಂದೆ ನಾನು, ಕತ್ತರಿ ತೊಡೆಯ ಮೇಲಿದೆ, ಬಲಗೈ ಸೆರಗಿನ ಒಳಗಿದೆ, ಒಳಗೇ ಇರಲಿ, ಈಗ ಹತ್ತೂವರೆ ಆಗಿರಬೇಕು, ಹನ್ನೆರಡರ ಒಳಗೆ ಅವಳು ಬಂದರಿನ ಆಫೀಸಿಗೆ ಫೋನ್ ಮಾಡಿ ಕೆಲಸಕ್ಕೆ ಬರ್ತೀನಿ ಅನ್ನಬೇಕು, ಅನ್ನದಿದ್ದರೆ ಜಾಗ ಇನ್ನೊಬ್ಬರಿಗೆ, ಅಷ್ಟರ ಒಳಗೆ ನಾನು ಅವಳಿಗೆ ಒಂದು ಮಾತು ಹೇಳಬೇಕು.

ಒಂದೇ ಒಂದು ಮಾತು ಅಕ್ಕಾ ಅಂದ ತಮ್ಮ, ಬೆಳಿಗ್ಗೆ, ಬೂಟು ಉಜ್ಜುತ್ತ, ಮರದ ಡಿಪೋದ ಉಗ್ರಾಣ ನೋಡಿಕೊಳ್ಳುವವನಿಗೆ ಬೂಟು ಯಾತಕ್ಕೆ ಹೊಳೆಯಬೇಕೋ, ಹೋದ ಹತ್ತು ನಿಮಿಷಕ್ಕೆ ಹೊಟ್ಟಿನ ಧೂಳು, ಆದರೂ ದಿನಾ ಉಜ್ಜುತ್ತಾನೆ, ಮೆತ್ತಗೆ, ಬಟ್ಟೆಯ ತುದಿಯಿಂದ, ಎಲ್ಲವನ್ನೂ ಮೆತ್ತಗೆ ಮಾಡುವವನು, ಜೀವಮಾನದಲ್ಲಿ ಒಂದು ದಿನ ಗಟ್ಟಿಯಾಗಿ ಮಾತಾಡಿದವನಲ್ಲ, ಬೀದಿಯವರೆಲ್ಲ ಹೇಳುತ್ತಾರೆ ನಿಮ್ಮ ತಮ್ಮನಂಥವರು ಸಿಗಬೇಕಲ್ಲ ಅಂತ, ಸಿಗಬಾರದು ಅಂತ ನಾನು ಬಾಯಿಬಿಟ್ಟು ಹೇಳಿದ್ದುಂಟೇ. ನಾನು ಬೇಡ ಅಂದ್ರೆ ಅವಳಿಗೆ ಹಟ ಬರುತ್ತೆ, ನಿನಗೇ ಗೊತ್ತಲ್ಲ, ನೀನೂ ಬೇಡ ಅನ್ನಬೇಡ, ನನ್ನ ಕೈ ನಡುಗುತ್ತೆ ಕಣೇ ಅಂತ ಹೇಳು, ಅಷ್ಟು ಸಾಕು, ಸುಳ್ಳೇನೂ ಅಲ್ವಲ್ಲ. ಅಲ್ಲ. ಅದೇ ತೊಡಕು, ಸುಳ್ಳಲ್ಲ, ಹೋದ ವರ್ಷದಿಂದ ಬಲಗೈ ನಡುಗುತ್ತದೆ, ಟೀ ಲೋಟ ಎತ್ತುವಾಗ, ಸೂಜಿಗೆ ದಾರ ಹಾಕುವಾಗ, ನಾನು ಯಾರಿಗೂ ಹೇಳಿಲ್ಲ, ಕಡ್ಡಿಯ ಎದುರಿಗೆ ಎಡಗೈಯಲ್ಲೇ ಲೋಟ ಹಿಡಿಯುತ್ತೇನೆ, ಆದರೆ ಅವನು ನೋಡಿದ್ದಾನೆ, ಉಗ್ರಾಣದವನ ಕಣ್ಣು, ಯಾವ ಸಾಮಾನು ಯಾವ ಮೂಲೆಯಲ್ಲಿದೆ, ಯಾವಾಗ ಉಪಯೋಗಕ್ಕೆ ಬರುತ್ತದೆ ಎಲ್ಲ ತಿಳಿದಿರುವವನು, ನನ್ನ ನಡುಕವನ್ನೂ ಒಂದು ವರ್ಷ ಎತ್ತಿಟ್ಟುಕೊಂಡಿದ್ದಾನೆ, ಡಾಕ್ಟರ ಹತ್ತಿರ ಹೋಗೋಣ ಅಕ್ಕಾ ಅನ್ನದೆ. ಹೆಣ್ಮಗು ಅಕ್ಕಾ, ಅಷ್ಟೆತ್ತರ, ಒಂದು ಗಾಜಿನ ಪೆಟ್ಟಿಗೆಯೊಳಗೆ ಕೂತು ಕ್ರೇನ್ ನಡೆಸೋದು ಅಂದ್ರೆ. ಅರವತ್ತು ಜನ ಅರ್ಜಿ ಹಾಕಿದ್ದರು, ಹನ್ನೊಂದು ಜನರನ್ನು ತೆಗೆದುಕೊಂಡರು, ಕಣ್ಣಿನ ಪರೀಕ್ಷೆಯಲ್ಲಿ ಇವಳೇ ಮೊದಲು, ಬಂದು ನನ್ನನ್ನು ಎತ್ತಿ ಅಡುಗೆಮನೆಯಲ್ಲಿ ತಿರುಗಿಸಿದಳು, ಕೆಳಗಿಳಿಸೇ, ಮುದುಕಿ ಸತ್ತುಹೋಗ್ತೀನಿ, ಅತ್ತೆ, ಮೇಲಿನಿಂದ ನೋಡಿದ್ರೆ ಹಡಗಿನ ಪೆಟ್ಟಿಗೆಗಳು ಬೆಂಕಿಪೊಟ್ಟಣದ ಹಾಗೆ ಕಾಣ್ತವಂತೆ, ಅವಳಮ್ಮ ಒಲೆಯ ಕಡೆ ತಿರುಗಿಕೊಂಡು, ನೀವು ನೀವು ಏನು ಮಾಡ್ಕೋತೀರೋ ಮಾಡ್ಕೊಳ್ಳಿ, ನನ್ನ ಮಾತು ಈ ಮನೇಲಿ ಯಾವಾಗ ನಡೀತು ಅಂದಳು, ಅದೂ ನಿಜವೇ. ತಮ್ಮ ಮಾತ್ರ ನಕ್ಕ. ಒಳ್ಳೇದು ಮಗಳೇ ಅಂದ. ಅವನು ಒಳ್ಳೇದು ಅಂದರೆ ಏನರ್ಥ ಅಂತ ನನಗೆ ಗೊತ್ತು, ನನಗೂ ಹಾಗೇ ಅಂದಿದ್ದ.

ತಲೆಯ ಮೇಲೆ ಬಟ್ಟೆ ಹಾಕು, ಹಾಂ ಹಾಗೆ, ಕತ್ತಲಾಯಿತು ಅಂದುಕೊಂಡು ಸುಮ್ಮನಾಗುತ್ತದೆ, ಕಂಕುಳಲ್ಲಿ ಒತ್ತಿ ಹಿಡಿ, ಕಾಲು ನಿನ್ನ ಬೆರಳ ಸಂದಿಗೆ, ಬಿಗಿಯಾಗಿ ಬೇಡ, ಉಸಿರು ಕಟ್ಟುತ್ತೆ, ಈಗ ಎಡಗಡೆ ರೆಕ್ಕೆ ಬಿಡಿಸು, ಬೀಸಣಿಗೆ ಬಿಡಿಸಿದ ಹಾಗೆ, ತುದಿಯಲ್ಲಿ ಹತ್ತು ಉದ್ದ ಗರಿ, ಅಷ್ಟೇ ನಮಗೆ ಬೇಕಾದ್ದು, ಒಳಗಿನ ಸಣ್ಣ ಗರಿ ಮುಟ್ಟಬಾರದು, ಬೆಳಕಿಗೆ ಹಿಡಿದು ನೋಡಬೇಕು, ಗರಿಯ ಕೊಳವೆ ಬೆಳ್ಳಗಿದ್ದರೆ ಒಣಗಿದ ಗರಿ, ಕತ್ತರಿಸಬಹುದು, ಕಪ್ಪಗೆ ಕಂಡರೆ ಒಳಗೆ ರಕ್ತ ಇದೆ, ಇನ್ನೂ ಬೆಳೆಯುತ್ತಿರುವ ಗರಿ, ಅದನ್ನು ಬಿಡಬೇಕು. ಗೊತ್ತು ಅತ್ತೆ, ಪ್ರತಿ ವರ್ಷ ಇದೇ ಪಾಠ, ಪರೀಕ್ಷೆ ಯಾವಾಗ. ಬಾಯಿ ಮುಚ್ಚಿಕೊಂಡು ಹಿಡ್ಕೋ. ಕಚ್. ಕಚ್. ಕೈ ಚೆನ್ನಾಗಿದೆ ಈಗ, ಮೊಣಕೈ ತೊಡೆಗೆ ಊರಿದರೆ ನಿಲ್ಲುತ್ತದೆ. ಒಂದೇ ಕಡೆ. ಇದನ್ನು ಕಲಿಸಿದವನೂ ತಮ್ಮನೇ. ಮೊದಲ ವರ್ಷ ನಾನು ಎರಡೂ ಕಡೆ ಕತ್ತರಿಸಿದ್ದೆ, ಒಂದೊಂದು ಗರಿ ಎಣಿಸಿ, ಇತ್ತ ಹತ್ತು ಅತ್ತ ಹತ್ತು, ರವಿಕೆಗೆ ಒಂದು ತೋಳು ಗಿಡ್ಡ ಒಂದು ತೋಳು ಉದ್ದ ಹೊಲಿಯುತ್ತಾರೆಯೇ ಯಾರಾದರೂ, ಪ್ರಾಣಿಯಾದರೇನು, ನ್ಯಾಯ ನ್ಯಾಯವೇ ಅಂತ, ಮಾರನೆಯ ದಿನ ಎಲ್ಲವೂ ಗೋಡೆಯ ಮೇಲೆ ಸಾಲಾಗಿ ಕೂತಿದ್ದವು, ನನ್ನನ್ನೇ ನೋಡುತ್ತ. ತಮ್ಮ ಬಿದ್ದು ಬಿದ್ದು ನಕ್ಕ, ಅಯ್ಯೋ ಅಕ್ಕಾ, ಎರಡೂ ಕತ್ತರಿಸಿದ್ರೆ ತೂಕ ಸಮ ಆಗಿಬಿಡುತ್ತೆ, ಸ್ವಲ್ಪ ಕಷ್ಟಪಟ್ಟು ಹಾರಿಯೇ ಹಾರುತ್ತೆ, ಒಂದೇ ಕಡೆ ಕತ್ತರಿಸಬೇಕು, ಇನ್ನೊಂದು ಕಡೆ ಹಾಗೇ ಬಿಟ್ಟುಬಿಡಬೇಕು, ಆಮೇಲೆ ನೋಡು, ಒಂದನ್ನು ಹಿಡಿದು ತೋರಿಸಿದ, ಗರಿ ಮತ್ತೆ ಬೆಳೆದ ಮೇಲೆ, ಕಚ್ ಕಚ್ ಅಂತ ಎಡಗಡೆಯದನ್ನು ಕತ್ತರಿಸಿ ನೆಲಕ್ಕೆ ಬಿಟ್ಟ, ಕೋಳಿ ಓಡಿ ಹೋಗಿ ಗೋಡೆಗೆ ಹಾರಿತು, ಅರ್ಧಕ್ಕೆ ಏರಿತು, ಎಡಕ್ಕೆ ವಾಲಿತು, ಈಚೆ ಕಡೆಗೇ ಬಿತ್ತು. ನೋವೇ ಆಗಲ್ಲ ಅಕ್ಕಾ ಅಂದ, ಉಗುರು ತೆಗೆದ ಹಾಗೆ.

ಆ ಮೊದಲ ಕೋಳಿಗಳು, ಇವುಗಳ ಅಜ್ಜಿ ಮುತ್ತಜ್ಜಿಗಳು, ಬಂದದ್ದು ಹೇಗೆ. ರಟ್ಟಿನ ಪೆಟ್ಟಿಗೆಯಲ್ಲಿ, ಹನ್ನೆರಡು ಮರಿ, ಹಳದಿ ಹತ್ತಿಯುಂಡೆಗಳು, ನಾನು ಬಟ್ಟೆ ಮಡಿಸಿ ಟ್ರಂಕಿಗೆ ಇಡುತ್ತಿದ್ದೆ, ಮೂಲೆಯ ಬೇಕರಿಯಲ್ಲಿ ಆರು ವರ್ಷ ಕೆಲಸ ಕಲಿತಿದ್ದೆ, ಹಿಟ್ಟು ನಾದುವುದರಿಂದ ಹಿಡಿದು ಒಲೆಯ ಬಿಸಿ ಅಂಗೈಯಲ್ಲಿ ಅಳೆಯುವ ತನಕ, ಬೇಕರಿಯಮ್ಮ ದೂರದ ಊರಲ್ಲಿ ಇನ್ನೊಂದು ಅಂಗಡಿ ತೆಗೆದಳು, ಒಲೆ ನಿನ್ನದು, ಮೇಲೆ ಒಂದು ಕೋಣೆ, ಬೀದಿಗೆ ಕಿಟಕಿ, ಬರ್ತೀಯಾ ಅಂದಳು, ಬರ್ತೀನಿ ಅಂದೆ, ತಮ್ಮ ಒಳ್ಳೇದು ಅಂದ. ಹೊರಡುವುದಕ್ಕೆ ನಾಲ್ಕು ದಿನ ಇರುವಾಗ ಪೆಟ್ಟಿಗೆ ತಂದು ನನ್ನ ಟ್ರಂಕಿನ ಪಕ್ಕದಲ್ಲೇ ಇಟ್ಟ, ನಿನಗೇ ಅಂತ ತಂದೆ ಅಕ್ಕಾ, ಚಿಕ್ಕವಳಿದ್ದಾಗ ಕೋಳಿ ಬೇಕು ಅಂತಿದ್ದೆಯಲ್ಲ, ನಾನು ಹೋಗ್ತಾ ಇದೀನಲ್ಲೋ ಅಂದರೆ, ಹೋಗು, ಹೋಗಬೇಡ ಅಂದೆನಾ, ಒಂದು ತಿಂಗಳು ಅಷ್ಟೇ, ಮರಿಗಳಿಗೆ ಶಾಖ ಬೇಕು, ಬಲ್ಬು ಹಾಕಿ ನೋಡಿಕೊಳ್ಳಬೇಕು, ಅಮ್ಮ ಹಾಸಿಗೆ ಬಿಟ್ಟು ಏಳಲ್ಲ, ಇವಳಿಗೆ ದಿನ ತುಂಬಿದೆ, ಯಾರಿದ್ದಾರೆ ಹೇಳು. ಪೆಟ್ಟಿಗೆಗೆ ಕೈ ಹಾಕಿದೆ. ಅದೇ ತಪ್ಪು ಮಾಡಿದ್ದು, ಕೈ ಹಾಕಬಾರದಿತ್ತು, ಅಂಗೈಯಲ್ಲಿ ಒಂದು ಮರಿ ಕಣ್ಣು ಮುಚ್ಚಿ ಕೂತಿತು, ಒಲೆಯ ಬಿಸಿ ಅಳೆಯುವ ಅದೇ ಅಂಗೈ. ಒಂದು ತಿಂಗಳಿಗೆ ಕಡ್ಡಿ ಹುಟ್ಟಿದಳು, ಮೂರು ವರ್ಷಕ್ಕೆ ಅಮ್ಮ ತೀರಿಕೊಂಡಳು, ಬೇಕರಿಯಮ್ಮನ ಕಾರ್ಡು ಮಾತ್ರ ವರ್ಷ ವರ್ಷ ಬರುತ್ತಿತ್ತು, ಕೋಳಿಗಳು ಹಳೆ ಗರಿ ಉದುರಿಸಿ ಹೊಸದು ಬರಿಸಿಕೊಳ್ಳುವ ಕಾಲಕ್ಕೆ ಸರಿಯಾಗಿ, ಜಾಗ ಇನ್ನೂ ನಿನ್ನದೇ, ಯಾವಾಗ ಬರ್ತೀಯಾ. ಗರಿ ಮತ್ತೆ ಬರುತ್ತದೆ, ಇದನ್ನು ಜನ ಮರೆಯುತ್ತಾರೆ, ಒಂದು ಸಲ ಕತ್ತರಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ, ಮುಗಿಯುವುದಿಲ್ಲ, ವರ್ಷ ತಿರುಗುವಷ್ಟರಲ್ಲಿ ಹತ್ತಕ್ಕೆ ಹತ್ತೂ ಬಂದಿರುತ್ತವೆ, ಹೊಸವು, ಹೊಳೆಯುವವು, ಪ್ರತಿ ಸಲ ಮತ್ತೆ ಹಿಡಿಯಬೇಕು, ಮತ್ತೆ ಕತ್ತರಿಸಬೇಕು. ಒಂದು ವರ್ಷ ಮಗುವಿಗೆ ಹಲ್ಲು ಬರುತ್ತಿದೆ, ಒಂದು ವರ್ಷ ಅಮ್ಮನ ಕೊನೆಯ ದಿನಗಳು, ಒಂದು ವರ್ಷ ತಮ್ಮನ ಹೆಂಡತಿಗೆ ಬೆನ್ನು ನೋವು, ಒಂದು ವರ್ಷ ಮಗುವಿಗೆ ಶಾಲೆ ಶುರು, ಅತ್ತೆ ಬಿಟ್ಟರೆ ಬೇರೆಯವರ ಕೈ ಹಿಡಿಯಲ್ಲ ಅಕ್ಕಾ ಅವಳು, ಒಂದು ವರ್ಷ ಏನೂ ಇರಲಿಲ್ಲ, ಏನೆಂದರೆ ಏನೂ, ತಮ್ಮ ನನ್ನ ಮುಖ ನೋಡುತ್ತ ಸುಮ್ಮನೆ ಕೂತಿದ್ದ, ಆಗ ನಾನೇ ಹೇಳಿದೆ, ಕೋಳಿಗಳನ್ನ ಯಾರು ನೋಡ್ತಾರೆ. ಮುಂದಿನ ವರ್ಷ ನೋಡೋಣ ಅಂತ ಬರೆದು ಹಾಕಿದೆ. ಆರು ಕಾರ್ಡಿಗೂ ಅದೇ ಉತ್ತರ, ಮುಂದಿನ ವರ್ಷ ನೋಡೋಣ, ಏಳನೆಯ ವರ್ಷ ಕಾರ್ಡು ಬರಲಿಲ್ಲ. ಅಂಚೆಯವನ ಮೇಲೆ ರೇಗಿದೆ ನಾನು, ಪಾಪ, ಚೀಲ ಬಗ್ಗಿಸಿ ತೋರಿಸಿದ. ರೆಕ್ಕೆ ಕತ್ತರಿಸಲು ಇಬ್ಬರು ಬೇಕು, ಒಬ್ಬರು ಹಿಡಿದುಕೊಳ್ಳಲು, ಒಬ್ಬರು ಕತ್ತರಿಗೆ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ತಮ್ಮನನ್ನು ಬೈದು ಬೈದು ನಾಲಿಗೆ ಸವೆಸಿದ್ದೇನೆ ಒಳಗೊಳಗೇ ಇಷ್ಟು ವರ್ಷ, ನನ್ನನ್ನು ಹಿಡಿದುಕೊಂಡವರು ಯಾರು ಅಂತ ಒಂದು ದಿನ ಕೇಳಿಕೊಳ್ಳಲಿಲ್ಲ, ಕಂಕುಳಲ್ಲಿ ಒತ್ತಿ, ತಲೆಯ ಮೇಲೆ ಬಟ್ಟೆ ಹಾಕಿ, ಸುಮ್ಮನಿರು ಸುಮ್ಮನಿರು ಅಂತ.

ಆರು ಮುಗಿಯಿತು, ನೆಲದ ತುಂಬ ಅರ್ಧ ಗರಿಗಳು, ಕಡ್ಡಿ ಒಂದನ್ನು ಕಿವಿಗೆ ಸಿಕ್ಕಿಸಿಕೊಂಡು ಬೂದಿಯನ್ನು ಎತ್ತಿಕೊಂಡಳು, ಗಂಟೆ ನೋಡು ಅಂದೆ, ಹನ್ನೊಂದೂ ಕಾಲು ಅತ್ತೆ, ಇನ್ನೂ ಟೈಮಿದೆ, ಇವಳದೊಂದು ಮುಗಿಸಿ ಕೈ ತೊಳೆದು ಫೋನ್ ಮಾಡ್ತೀನಿ, ಏನು ಹೇಳಲಿ ಹೇಳು, ಬರ್ತೀನಿ ಅಂತ ಹೇಳಿದ್ರೆ ಸಾಕಾ, ಥ್ಯಾಂಕ್ಸ್ ಸೇರಿಸಲಾ, ಅಪ್ಪ ಬೇರೆ ಬೆಳಿಗ್ಗೆ ಅತ್ತೆ ಹತ್ತಿರ ಒಂದು ಸಲ ಮಾತಾಡು ಅಂದ, ಏನಂತೆ. ಏನೂ ಇಲ್ಲ ಅನ್ನಬೇಕಿತ್ತು, ತುಟಿ ಬಿಚ್ಚಿದೆ, ಮಾತು ನಾಲಿಗೆಯ ತುದಿಯಲ್ಲೇ ಇತ್ತು, ತಮ್ಮನ ಮಾತು, ಮೆತ್ತಗಿನ ಮಾತು, ನನ್ನ ಕೈ ನಡುಗುತ್ತೆ ಕಣೇ, ಎಷ್ಟು ಚಿಕ್ಕದು, ಹೇಳಿದರೆ ಇವಳು ಹೋಗುವುದಿಲ್ಲ, ನನಗೆ ಗೊತ್ತು, ಇಲ್ಲೇ ಇರುತ್ತಾಳೆ, ನನ್ನ ಪಕ್ಕದ ಮಂಚದಲ್ಲಿ, ಬೆಳಿಗ್ಗೆ ತಲೆ ಕೆದರಿಕೊಂಡು ಅತ್ತೆ ಟೀ ಅನ್ನುತ್ತ, ಬೇಡ ಅನಿಸುತ್ತದೆಯೇ ನನಗೆ, ಬೇಕು, ಯಾಕೆ ಸುಳ್ಳು ಹೇಳಲಿ, ಹೊಟ್ಟೆಯಲ್ಲಿ ಹುಟ್ಟದಿದ್ದರೂ ಹುಟ್ಟಿದವಳಷ್ಟೇ ಬೇಕು, ಏನಿಲ್ಲ ಕಣೇ, ನಿನ್ನಪ್ಪನಿಗೆ ಮಾತಾಡು ಅನ್ನೋದೊಂದು ಚಾಳಿ ಅಂದೆ, ರೆಕ್ಕೆ ಬಿಡಿಸು. ಕಚ್, ಕಚ್, ಮೂರು, ನಾಲ್ಕು, ಬೂದಿಯ ಗರಿ ದಪ್ಪ, ಇದು ಮೊದಲಿನಿಂದ ಹಾಗೇ, ಐದು, ಆರು, ಕೈ ನಡುಗುವುದೂ ಸುಳ್ಳಲ್ಲ, ಇವಳು ಬೇಕು ಅನ್ನುವುದೂ ಸುಳ್ಳಲ್ಲ, ಏಳು, ಬೆಳಕಿಗೆ ಹಿಡಿದು ನೋಡಲಿಲ್ಲ ನಾನು, ಎಂಟನೆಯದನ್ನು, ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಮರೆಯದವಳು, ಮೊಣಕೈ ತೊಡೆಯಿಂದ ಜಾರಿತು, ಕತ್ತರಿ ಹಲ್ಲು ಕಡಿಯುವ ಹಾಗೆ ನಡುಗಿತು, ಕಚ್, ಮತ್ತು ಬಟ್ಟೆಯ ಕೆಳಗಿಂದ ಕೋಳಿ ಕೂಗಿದ ಕೂಗು, ಕತ್ತಲಲ್ಲೂ ಅದಕ್ಕೆ ತಿಳಿಯಿತು, ರಕ್ತ, ಗರಿಯ ಕೊಳವೆಯಿಂದ ತೊಟ್ಟು ತೊಟ್ಟು, ಕಡ್ಡಿಯ ಮಣಿಕಟ್ಟಿನ ಮೇಲೆ, ನನ್ನ ಸೀರೆಯ ಮೇಲೆ, ನೋವೇ ಆಗಲ್ಲ ಅಕ್ಕಾ. ಹಿಟ್ಟು ತಾ, ಹಿಟ್ಟು, ಮೈದಾ ಡಬ್ಬ, ಓಡು, ಓಡಿದಳು, ತಂದಳು, ಹಿಡಿಯಷ್ಟು ಹಿಟ್ಟು ಒತ್ತಿದೆ, ಕೆಂಪಾಯಿತು, ಇನ್ನೊಂದು ಹಿಡಿ, ಒತ್ತಿ ಹಿಡಿದೆ, ಹಿಟ್ಟಿನ ಆ ವಾಸನೆ, ಆ ತಣ್ಣನೆಯ ನುಣುಪು, ಬೆರಳುಗಳಿಗೆ ಇನ್ನೂ ನೆನಪಿದೆ ದರಿದ್ರದವಕ್ಕೆ, ನಿಂತಿತು. ಕೋಳಿಯ ರಕ್ತ ನಿಂತಿತು, ಕೈ ನಿಲ್ಲಲಿಲ್ಲ. ಸೆರಗಿನೊಳಗೆ ಎಳೆದುಕೊಳ್ಳುವುದಕ್ಕೂ ಆಗಲಿಲ್ಲ, ಹಿಟ್ಟು ಮೆತ್ತಿದ ಬಲಗೈ ಬೂದಿಯ ಬೆನ್ನ ಮೇಲೆ ತಾನಾಗಿ ಕುಣಿಯುತ್ತಿದೆ, ಕಡ್ಡಿ ಕೋಳಿಯನ್ನು ನೋಡುತ್ತಿಲ್ಲ, ಆ ಕೈಯನ್ನು ನೋಡುತ್ತಿದ್ದಾಳೆ, ಬಂದರಿನವರು ಮೆಚ್ಚಿದ ಕಣ್ಣು. ಅತ್ತೆ, ಎಷ್ಟು ದಿನದಿಂದ ಹೀಗೆ. ಯಾವುದು. ಸುಮ್ಮನಿರು ಅತ್ತೆ, ಯಾವುದು ಅಂತೆ, ಅದಕ್ಕೇ ನೀನು ಎಡಗೈಲಿ ಲೋಟ ಹಿಡಿಯೋದು, ನಾನೊಬ್ಬಳು ಕುರುಡಿ, ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಳು, ಬಿಗಿಯಾಗಿ ಅಲ್ಲ, ಕಲಿಸಿದ್ದೇನಲ್ಲ, ಹಿಡಿದು ಒಂದು ಗಳಿಗೆ ಬಾಗಿಲ ಕಡೆ ನೋಡಿದಳು, ಫೋನಿರುವ ಕಡೆ, ಆಮೇಲೆ ಕಿವಿಯಿಂದ ಆ ಗರಿ ತೆಗೆದು ನೆಲದ ಮೇಲಿಟ್ಟಳು. ಬಿಡು ಅತ್ತೆ, ಈ ವರ್ಷ ಬೇಡ. ಮುಂದಿನ ವರ್ಷ ನೋಡೋಣ.

ನಾನು ಹೇಳಲಿಲ್ಲ, ನಾನು ಏನೂ ಹೇಳಲಿಲ್ಲ, ತಮ್ಮನ ಮಾತನ್ನು ನುಂಗಿ ಕೂತಿದ್ದೆ, ಮಾತೇ ಬೇಕಾಗಲಿಲ್ಲ ಅದಕ್ಕೆ, ಕೈಯೇ ಹೇಳಿಬಿಟ್ಟಿತು, ಇನ್ನು ನಾನು ಸುಮ್ಮನೆ ಕೂತರೆ ಸಾಕು, ಅಳುವುದೂ ಬೇಡ, ಸುಮ್ಮನಿದ್ದರೆ ಸಾಕು, ಹನ್ನೆರಡು ತಾನಾಗಿ ಹೊಡೆಯುತ್ತದೆ, ಅವಳೇ ಹಿಡಿದುಕೊಂಡಿದ್ದಾಳೆ, ಅವಳೇ ಬಟ್ಟೆ ಹಾಕಿಕೊಳ್ಳುತ್ತಿದ್ದಾಳೆ ತಲೆಯ ಮೇಲೆ, ಆ ಮಾತು, ಅದೇ ಮಾತು, ಆರು ಕಾರ್ಡಿನಲ್ಲಿ ನನ್ನ ಅಕ್ಷರದಲ್ಲಿ, ಹೋಗು ಮಗಳೇ ಅನ್ನಲೇ, ನನಗೇನೂ ಆಗಲ್ಲ ಅನ್ನಲೇ, ಪ್ರೀತಿಯಿಂದ ಹೇಳಿದರೆ ಇವಳು ಹೋಗುವುದಿಲ್ಲ, ಪ್ರೀತಿಯಿಂದ ಹೇಳಿದ್ದಕ್ಕೇ ಅಲ್ಲವೇ ನಾನೂ ಇಲ್ಲಿ ಕೂತದ್ದು. ಕೈ ಕಿತ್ತುಕೊಂಡೆ. ನೀನಿದ್ದು ನನಗೇನು ಮಾಡಿಹಾಕ್ತೀಯೇ ಅಂದೆ. ಅವಳು ತಲೆಯೆತ್ತಿದಳು. ಕೋಳಿ ಸರಿಯಾಗಿ ಹಿಡಿಯೋಕೆ ಬರಲ್ಲ, ನೀನು ಅಲ್ಲಾಡಿಸಿದ್ದಕ್ಕೇ ಕತ್ತರಿ ತಪ್ಪಿದ್ದು, ನನ್ನ ಕೈಗೆ ಏನೂ ಆಗಿಲ್ಲ, ನಿನ್ನನ್ನ ಎತ್ತಿ ಆಡಿಸಿ ತೊಳೆದು ಬಳಿದು ಇಪ್ಪತ್ತೊಂದು ವರ್ಷ ಆಯ್ತು, ಸಾಕಾಗಿದೆ ನನಗೆ, ಒಂದು ಕೋಣೆ ಅಂತ ನನ್ನದಾಗಿ ಇತ್ತಾ ಈ ಮನೇಲಿ, ನೀನು ಹೋದ್ರೆ ನಾನೂ ಕಾಲು ಚಾಚಿ ಮಲಗಬಹುದು ಅಂತ ದಿನ ಎಣಿಸ್ತಾ ಇದ್ದೆ, ಈಗ ಬಂದು ಮುಂದಿನ ವರ್ಷ ಅಂತಾಳೆ. ಎಲ್ಲಿಂದ ಬಂತು ಇಷ್ಟು ಮಾತು ನನಗೆ, ಯಾವ ಮೂಲೆಯಲ್ಲಿ ಇಟ್ಟಿದ್ದೆ, ಒಂದು ಪದಕ್ಕೂ ತಡವರಿಸಲಿಲ್ಲ, ತಮ್ಮ ಇದ್ದಿದ್ದರೆ ಬೆರಗಾಗುತ್ತಿದ್ದ, ಅಕ್ಕ ಗಟ್ಟಿಯಾಗಿ ಮಾತಾಡ್ತಾಳೆ ಅಂತ, ಗೋಡೆಯಾಚೆ ಕಂಪೌಂಡರನ ನೀರಿನ ಕ್ಯಾನು ಸದ್ದು ನಿಲ್ಲಿಸಿತು. ಹೌದಾ ಅತ್ತೆ, ಅಂದಳು. ಹೌದು. ದಿನ ಎಣಿಸ್ತಿದ್ದೆಯಾ. ಎಣಿಸ್ತಿದ್ದೆ ಅಂದೆನಲ್ಲ. ಅವಳು ಬೂದಿಯನ್ನು ನನ್ನ ಮಡಿಲಿಗಿಟ್ಟಳು, ಮೆತ್ತಗೆ, ಎದ್ದಳು, ಮಣಿಕಟ್ಟಿನ ರಕ್ತ ಒರೆಸಿಕೊಳ್ಳದೆಯೇ ಒಳಗೆ ಹೋದಳು, ನಲ್ಲಿಯ ಸದ್ದು, ತುಂಬ ಹೊತ್ತು ನಲ್ಲಿಯ ಸದ್ದು, ಆಮೇಲೆ ಅವಳ ದನಿ, ಮೂಗು ಕಟ್ಟಿದ ದನಿ, ಹೌದು ಸಾರ್, ನಾನೇ, ಬರ್ತೀನಿ, ಇಲ್ಲ, ನನಗೆ ಯಾವ ತೊಂದರೆಯೂ ಇಲ್ಲ, ಸೋಮವಾರ ಅಲ್ಲ ಸಾರ್, ನಾಳೆನೇ ಬರಬಹುದಾ.

ನಾಳೆಯೇ. ಟ್ರಂಕು ಎಳೆಯುತ್ತಿದ್ದಾಳೆ, ನನ್ನದೇ ಹಳೆಯ ಟ್ರಂಕು, ಹೋಗಿ ಹೇಳಲೇ, ಅದೆಲ್ಲ ಸುಳ್ಳು ಕಣೇ ಅಂತ, ಹೇಳಿದರೆ ಉಳಿಯುತ್ತಾಳೆ, ಹೇಳದಿದ್ದರೆ ಆ ಗಾಜಿನ ಪೆಟ್ಟಿಗೆಯೊಳಗೆ, ಅಷ್ಟೆತ್ತರದಲ್ಲಿ, ಒಂದೊಂದು ದಿನ ಥಟ್ಟನೆ ನೆನಪಾಗುತ್ತದೆ ಅವಳಿಗೆ, ಅತ್ತೆ ದಿನ ಎಣಿಸುತ್ತಿದ್ದಳು, ಹೋಗಲಿ, ನೆನಪಾಗಲಿ, ಮೇಲಿರಲಿ. ಸಂಜೆ ತಮ್ಮ ಬರುತ್ತಾನೆ, ಬೂಟು ಬಿಚ್ಚುತ್ತಾನೆ, ಒಳ್ಳೇದು ಅಕ್ಕಾ ಅನ್ನುತ್ತಾನೆ. ನನ್ನ ಕೈ ಇನ್ನೂ, ಇರಲಿ, ಇನ್ನು ಮುಚ್ಚುವುದು ಯಾರಿಂದ. ಬೂದಿ ಮಡಿಲಿನಿಂದ ಇಳಿಯಿತು, ಮೈ ಕೊಡವಿತು, ಹಿಟ್ಟು ಹಾರಿತು, ಗೋಡೆಯ ಬುಡಕ್ಕೆ ಹೋಗಿ ನಿಂತು ಕತ್ತು ಒಂದು ಪಕ್ಕಕ್ಕೆ ಹೊರಳಿಸಿ ಅಳೆಯುತ್ತಿದೆ, ಬೇಡ ಬೂದಿ, ಇವತ್ತಲ್ಲ, ಕುಪ್ಪಳಿಸಿತು, ಎರಡೂ ರೆಕ್ಕೆ ಬಿಚ್ಚಿತು, ಬಲಗಡೆ ತುಂಬ ಗರಿ, ಎಡಗಡೆ ಬೆಳಕು, ಅರ್ಧಕ್ಕೆ ಏರಿತು, ಎಡಕ್ಕೆ ವಾಲಿತು, ಈಚೆಗೇ ಬಿತ್ತು, ಎದ್ದಿತು, ಮತ್ತೆ ಅಳೆಯಿತು, ಅರ್ಧಕ್ಕೆ ಏರಿ, ಎಡಕ್ಕೆ ವಾಲಿ, ಈಚೆಗೆ, ಮತ್ತೆ ಅರ್ಧಕ್ಕೆ, ಎಡಕ್ಕೆ —